ದೊಡ್ಡ ಮನೆಗೆ ತೆರಿಗೆ: ಬೇಕು ಅನ್ನುವವರೇ ಯಾಕೆ ಬೈಯುತ್ತಾರೆ?

ಪ್ರಶ್ನೆ: ನಾನು ಹಾಸನದ ನಿವೃತ್ತ ಶಿಕ್ಷಕಿ. ಮಗಳು, ಅಳಿಯ ಲಂಡನ್ನಿನ ಹ್ಯಾರೋದಲ್ಲಿ ಇತ್ತೀಚೆಗೆ ಮನೆ ತೆಗೆದುಕೊಂಡರು. ಆರೂವರೆ ಲಕ್ಷ ಪೌಂಡ್, ಬಹುಪಾಲು ಸಾಲವೇ. ಅಲ್ಲಿ ದುಬಾರಿ ಮನೆಗಳಿಗೆ ಹೊಸ ತೆರಿಗೆ ಬರುತ್ತದೆ ಅಂತ ಅವರ ವಾಟ್ಸಾಪ್ ಗುಂಪಿನಲ್ಲಿ ಎಲ್ಲರಿಗೂ ತಲೆಬಿಸಿ. 20 ಲಕ್ಷ ಪೌಂಡ್ ದಾಟಿದ ಮನೆಗೆ ಮಾತ್ರ ಅಂತಾರೆ. ಹಾಗಿದ್ದರೆ ಇವರಿಗೇಕೆ ಭಯ? ಸಮೀಕ್ಷೆಗಳಲ್ಲಿ ಜನ ಈ ತೆರಿಗೆ ಬೇಕು ಅಂತಾರಂತೆ. ಬೇಕು ಅಂದಮೇಲೆ ಇಷ್ಟು ಗಲಾಟೆ ಯಾಕೆ? ನಮ್ಮ ಬೆಂಗಳೂರಿಗೂ ಇಂಥದ್ದು ಬರಬಹುದಾ?

ಉತ್ತರ: ಮೊದಲು ಮಗಳ ಮನೆ ವಿಷಯ ಮುಗಿಸಿಬಿಡೋಣ, ಮೇಡಂ. ಆರೂವರೆ ಲಕ್ಷ ಪೌಂಡಿನ ಮನೆಗೆ ಈ ಹೊಸ ತೆರಿಗೆ ಒಂದು ಪೈಸೆಯೂ ತಾಗುವುದಿಲ್ಲ. ಅವರು ನಿಶ್ಚಿಂತೆಯಿಂದ ಸಾಲದ ಕಂತು ಕಟ್ಟಿಕೊಂಡಿರಲಿ.

ಬ್ರಿಟನ್ನಿನ ಹಣಕಾಸು ಸಚಿವೆ ರೇಚಲ್ ರೀವ್ಸ್ 2025ರ ನವೆಂಬರ್ 26ರ ಬಜೆಟ್ಟಿನಲ್ಲಿ ಇದನ್ನು ಘೋಷಿಸಿದರು. ಇಂಗ್ಲೆಂಡಿನಲ್ಲಿ 20 ಲಕ್ಷ ಪೌಂಡ್, ಅಂದರೆ ನಮ್ಮ ಲೆಕ್ಕದಲ್ಲಿ 23-24 ಕೋಟಿ ರೂಪಾಯಿ ದಾಟಿದ ಮನೆಗಳಿಗೆ ಮಾತ್ರ. ಜಾರಿ 2028ರ ಏಪ್ರಿಲ್‌ನಿಂದ. 20ರಿಂದ 25 ಲಕ್ಷದ ಮನೆಗೆ ವರ್ಷಕ್ಕೆ 2,500 ಪೌಂಡ್. 35 ಲಕ್ಷದವರೆಗೆ 3,500. 50 ಲಕ್ಷದವರೆಗೆ 5,000. ಅದರ ಮೇಲೆ ಎಷ್ಟೇ ಇರಲಿ, 7,500. ಕಟ್ಟಬೇಕಾದವರು ಮನೆಯ ಮಾಲೀಕರು, ಬಾಡಿಗೆಗೆ ಇರುವವರಲ್ಲ. ಈ ಬಲೆಗೆ ಬೀಳುವ ಮನೆಗಳು ನೂರಕ್ಕೆ ಒಂದೂ ಇಲ್ಲ.

ಮೊತ್ತವನ್ನು ಸರಿಯಾಗಿ ನೋಡಿ. 20 ಲಕ್ಷದ ಮನೆಗೆ 2,500 ಅಂದರೆ ಸಾವಿರ ಪೌಂಡಿಗೆ ಒಂದೂಕಾಲು ಪೌಂಡ್. 5 ಕೋಟಿ ಪೌಂಡಿನ ಬಂಗಲೆಗೆ 7,500 ಅಂದರೆ ಸಾವಿರಕ್ಕೆ 15 ಪೆನ್ಸ್. ಮನೆ ದೊಡ್ಡದಾದಷ್ಟೂ ತೆರಿಗೆಯ ಪಾಲು ಸಣ್ಣದಾಗುತ್ತದೆ. ಸರ್ಕಾರಕ್ಕೆ ಬರುವುದೂ ಅಷ್ಟಕ್ಕಷ್ಟೆ: 2029-30ರಲ್ಲಿ ಸುಮಾರು 40 ಕೋಟಿ ಪೌಂಡ್ ಎಂದು ಅಂದಾಜು. ಒಂದು ದೇಶದ ಬಜೆಟ್ಟಿಗೆ ಇದು ಚಿಲ್ಲರೆ ಕಾಸು.

ಇಷ್ಟು ಸಣ್ಣ ತೆರಿಗೆಗೆ ಅಷ್ಟು ದೊಡ್ಡ ಗದ್ದಲ ಏಕೆ ಎಂದು ತಿಳಿಯಲು ಅಲ್ಲಿನ ಹಳೆಯ ಮನೆ ತೆರಿಗೆಯ ಕಥೆ ಗೊತ್ತಿರಬೇಕು. ಅದನ್ನು ಕೌನ್ಸಿಲ್ ಟ್ಯಾಕ್ಸ್ ಅನ್ನುತ್ತಾರೆ. ನಾವು ಪುರಸಭೆಗೆ ಕಟ್ಟುವ ಕಂದಾಯದ ಹಾಗೆ. ಅಲ್ಲಿ ಮನೆಗಳನ್ನು ಎ ಇಂದ ಎಚ್‌ವರೆಗೆ ಎಂಟು ಬ್ಯಾಂಡ್‌ಗಳಾಗಿ ವಿಂಗಡಿಸಿದ್ದಾರೆ. ಯಾವ ಬೆಲೆಯ ಆಧಾರದಲ್ಲಿ ಗೊತ್ತಾ? 1991ರ ಏಪ್ರಿಲ್ 1ರಂದು ಆ ಮನೆ ಎಷ್ಟಕ್ಕೆ ಹೋಗುತ್ತಿತ್ತು ಎಂಬ ಆಧಾರದಲ್ಲಿ. ಹೋದ ವರ್ಷ ಕಟ್ಟಿದ ಮನೆಗೂ, 1991ರಲ್ಲಿ ಇದು ಇದ್ದಿದ್ದರೆ ಬೆಲೆ ಎಷ್ಟಿರುತ್ತಿತ್ತು ಎಂದು ಅಧಿಕಾರಿಗಳು ಕೂತು ಊಹೆ ಮಾಡುತ್ತಾರೆ! ಆಗ 3,20,000 ಪೌಂಡ್ ಮೀರಿದ್ದೆಲ್ಲ ಎಚ್ ಬ್ಯಾಂಡ್. ಅದರ ಮೇಲೆ ಮೆಟ್ಟಿಲೇ ಇಲ್ಲ. ಒಳ್ಳೆಯ ಬಡಾವಣೆಯ ಡಾಕ್ಟರ ಮನೆಯೂ, ಪಕ್ಕದ ಶತಕೋಟ್ಯಧಿಪತಿಯ ಅರಮನೆಯೂ ಒಂದೇ ಮೊತ್ತ ಕಟ್ಟುತ್ತವೆ.

ದರವನ್ನು ಆಯಾ ಊರಿನ ಕೌನ್ಸಿಲ್ ಗೊತ್ತುಮಾಡುತ್ತದೆ. ದುಬಾರಿ ಮನೆಗಳು ಕಡಿಮೆ ಇರುವ ಬಡ ಊರುಗಳಲ್ಲೇ ಹೆಚ್ಚಾಗಿ ದರ ಜಾಸ್ತಿ. ರೀವ್ಸ್ ಬಜೆಟ್ ಭಾಷಣದಲ್ಲಿ ಇದನ್ನೇ ಎತ್ತಿ ತೋರಿಸಿದರು. ಉತ್ತರದ ಡಾರ್ಲಿಂಗ್ಟನ್ ಅಥವಾ ಬ್ಲ್ಯಾಕ್‌ಪೂಲ್‌ನ ಮಧ್ಯಮ ಮನೆಯೊಂದು ವರ್ಷಕ್ಕೆ 2,400 ಪೌಂಡಿನ ಹತ್ತಿರ ಕಟ್ಟುತ್ತದೆ. ಲಂಡನ್ನಿನ ಮೇಫೇರ್‌ನ ಒಂದು ಕೋಟಿ ಪೌಂಡಿನ ಬಂಗಲೆ ಕಟ್ಟುವುದು ಅದಕ್ಕಿಂತ ಸುಮಾರು 300 ಪೌಂಡ್ ಕಡಿಮೆ.

ಇದು ಅನ್ಯಾಯ ಅಂತ ಯಾರಿಗೆ ಹೇಳಿದರೂ ಒಪ್ಪುತ್ತಾರೆ. ಹಾಗಾದರೆ ಎಲ್ಲ ಮನೆಗಳ ಬೆಲೆಯನ್ನು ಹೊಸದಾಗಿ ಕಟ್ಟಿ ಸರಿ ಮಾಡಬಹುದಲ್ಲ? ಅದಕ್ಕೆ ಮಾತ್ರ ಯಾರೂ ಕೈ ಹಾಕುವುದಿಲ್ಲ. ಹೆದರಿಕೆಗೆ ಕಾರಣ ಇದೆ. 1985ರಲ್ಲಿ ಸ್ಕಾಟ್ಲೆಂಡಿನಲ್ಲಿ ಆಗಿನ ಮನೆ ತೆರಿಗೆಗೆ ಹೊಸ ಬೆಲೆ ಕಟ್ಟಿದರು. ಮಧ್ಯಮ ವರ್ಗದ ಬಿಲ್ ಏರಿತು, ಆಳುವ ಪಕ್ಷದ ಮತದಾರರೇ ಕೂಗಾಡಿದರು. ಇದು ಬೇಡಪ್ಪಾ ಎಂದು ಮಾರ್ಗರೆಟ್ ಥ್ಯಾಚರ್ ಸರ್ಕಾರ ಮನೆಯ ಬೆಲೆಯನ್ನೇ ಬಿಟ್ಟು ತಲೆಗಿಷ್ಟು ಎಂದು ತೆರಿಗೆ ಹಾಕಿತು. ಅದೇ ಪೋಲ್ ಟ್ಯಾಕ್ಸ್. ಅರಮನೆಯ ಒಡೆಯನೂ ಅವನ ಮನೆಗೆಲಸದವಳೂ ಒಂದೇ ಮೊತ್ತ. 1990ರ ಮಾರ್ಚ್ 31ರಂದು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಗಲಭೆ ಆಯಿತು. ಅದೇ ನವೆಂಬರ್‌ನಲ್ಲಿ ಥ್ಯಾಚರ್ ಕುರ್ಚಿ ಬಿಟ್ಟರು. ಬೇರೆ ಕಾರಣಗಳೂ ಇದ್ದವು, ಆದರೆ ಈ ತೆರಿಗೆಯ ಪಾಲು ದೊಡ್ಡದು. ಅದರ ಬದಲಿಗೆ 1993ರಲ್ಲಿ ತರಾತುರಿಯಲ್ಲಿ ತಂದದ್ದೇ ಇವತ್ತಿನ ಕೌನ್ಸಿಲ್ ಟ್ಯಾಕ್ಸ್.

ವೇಲ್ಸ್ ಮಾತ್ರ ಧೈರ್ಯ ಮಾಡಿ ಬೆಲೆಗಳನ್ನು ಹೊಸದಾಗಿ ಕಟ್ಟಿ 2005ರಲ್ಲಿ ಜಾರಿಗೆ ತಂದಿತು. ಸುಮಾರು ಮೂರರಲ್ಲಿ ಒಂದು ಮನೆ ಮೇಲಿನ ಬ್ಯಾಂಡಿಗೆ ಹೋಯಿತು. ಕೆಳಗಿಳಿದದ್ದು ಅದಕ್ಕಿಂತ ಬಹಳ ಕಡಿಮೆ. ಆ ಗಲಾಟೆ ನೋಡಿದ ಇಂಗ್ಲೆಂಡ್, 2007ಕ್ಕೆ ಇಟ್ಟುಕೊಂಡಿದ್ದ ತನ್ನ ಕೆಲಸವನ್ನು ಮುಂದಕ್ಕೆ ಹಾಕಿತು. ಅದು ಇವತ್ತಿಗೂ ಆಗಿಲ್ಲ.

ಹಾಗಾಗಿ ರಾಜಕಾರಣಿಗಳಿಗೆ ಅಡ್ಡದಾರಿ ಬೇಕಾಯಿತು. ಎಲ್ಲರ ಮನೆಯನ್ನೂ ಮುಟ್ಟುವ ಬದಲು ತೀರ ಮೇಲಿನವರನ್ನು ಮಾತ್ರ ಮುಟ್ಟೋಣ. ಅದಕ್ಕೆ ಮ್ಯಾನ್ಶನ್ ಟ್ಯಾಕ್ಸ್ ಅಂತ ಹೆಸರು ಬಿತ್ತು. ಆ ಹೆಸರೇ ಅರ್ಧ ಮತ ತರುತ್ತದೆ. ಬಂಗಲೆಯಲ್ಲಿ ಇರುವವನು ಕಟ್ಟಲಿ ಅನ್ನುವುದಕ್ಕೆ ಯಾರಿಗೆ ತಕರಾರು? ಲಿಬರಲ್ ಡೆಮಾಕ್ರಾಟ್ ಪಕ್ಷದ ವಿನ್ಸ್ ಕೇಬಲ್ 2009ರಲ್ಲಿ ಇದನ್ನು ಮೊದಲು ಹೇಳಿದಾಗ ಗೆರೆ 10 ಲಕ್ಷ ಪೌಂಡಿಗೆ ಇತ್ತು. ಅವರ ಪಕ್ಷದ ಕೆಲವು ಗಟ್ಟಿ ಕ್ಷೇತ್ರಗಳು ಲಂಡನ್ನಿನ ನೈರುತ್ಯದ ಸಿರಿವಂತ ಬಡಾವಣೆಗಳಲ್ಲೇ ಇದ್ದವು. ಒಳಗೇ ಗೊಣಗಾಟ ಶುರುವಾಯಿತು. ಕೆಲವೇ ತಿಂಗಳಲ್ಲಿ ಗೆರೆ 20 ಲಕ್ಷಕ್ಕೆ ಜಿಗಿಯಿತು. ತಮ್ಮ ಮತದಾರರ ತಲೆಯ ಮೇಲಿಂದ ಗೆರೆ ಹಾದುಹೋಗುವವರೆಗೆ ಅದನ್ನು ಎತ್ತುತ್ತಾ ಹೋಗುವುದು ಎಲ್ಲ ದೇಶಗಳ ರಾಜಕಾರಣಿಗಳೂ ಮಾಡುವ ಕೆಲಸ.

2014ರಲ್ಲಿ ಲೇಬರ್ ಪಕ್ಷದ ಎಡ್ ಮಿಲಿಬ್ಯಾಂಡ್ ಇದೇ ಯೋಜನೆಯನ್ನು ಎತ್ತಿಕೊಂಡರು. ಬರುವ ಹಣ ಸರ್ಕಾರಿ ಆಸ್ಪತ್ರೆಗಳಿಗೆ ಎಂದರು. 20ರಿಂದ 30 ಲಕ್ಷದ ಮನೆಗೆ ತಿಂಗಳಿಗೆ 250 ಪೌಂಡ್. ಸಮೀಕ್ಷೆಗಳಲ್ಲಿ ಭಾರೀ ಬೆಂಬಲ ಸಿಕ್ಕಿತು. ಆದರೆ ಆ ನವೆಂಬರ್‌ನಲ್ಲಿ ಒಂದು ಟಿವಿ ಕಾರ್ಯಕ್ರಮದಲ್ಲಿ ಗಾಯಕಿ ಮೈಲೀನ್ ಕ್ಲಾಸ್ ಎದುರಿಗೇ ಕೂತು ಅವರನ್ನು ತರಾಟೆಗೆ ತೆಗೆದುಕೊಂಡರು. ಲಂಡನ್ನಿನಲ್ಲಿ ಅಷ್ಟು ದುಡ್ಡಿಗೆ ಗ್ಯಾರೇಜು ಸಿಕ್ಕರೆ ಹೆಚ್ಚು, ಇದು ಪಾಪದ ಅಜ್ಜಿಯಂದಿರ ಮೇಲೆ ಬೀಳುತ್ತದೆ ಎಂಬುದು ಅವರ ವಾದ. ಗ್ಯಾರೇಜಿನ ಮಾತು ಅತಿಯಾಯಿತು. ಆದರೂ ಮರುದಿನ ಎಲ್ಲರ ಬಾಯಲ್ಲೂ ಅದೇ. ಮಿಲಿಬ್ಯಾಂಡರ ಲೆಕ್ಕಾಚಾರವನ್ನು ಯಾರೂ ನೆನಪಿಡಲಿಲ್ಲ.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಆಮೇಲೆ ನಡೆದ ಇನ್ನೊಂದು ಜಗಳ. 2015ರ ಜನವರಿಯಲ್ಲಿ ಸ್ಕಾಟ್ಲೆಂಡಿನ ಲೇಬರ್ ನಾಯಕ ಜಿಮ್ ಮರ್ಫಿ, ಈ ದುಡ್ಡಿನಲ್ಲಿ ನಮ್ಮಲ್ಲಿ ಸಾವಿರ ನರ್ಸ್‌ಗಳನ್ನು ಹೆಚ್ಚಿಗೆ ನೇಮಿಸುತ್ತೇವೆ ಎಂದುಬಿಟ್ಟರು. ಈ ತೆರಿಗೆ ಬೀಳುವ ಮನೆಗಳು ಹೆಚ್ಚೂಕಡಿಮೆ ಎಲ್ಲವೂ ಲಂಡನ್ ಮತ್ತು ಅದರ ಸುತ್ತಮುತ್ತ. ಲಂಡನ್ನಿನ ಲೇಬರ್ ನಾಯಕಿ ಡಯೇನ್ ಅಬಟ್ ಸಿಡಿದೆದ್ದರು. ಅವರು ಪಕ್ಷದ ಎಡಪಂಥೀಯರು, ಶ್ರೀಮಂತರ ಪರ ಯಾವತ್ತೂ ನಿಂತವರಲ್ಲ. ಆದರೂ ನಮ್ಮ ಊರಿನ ದುಡ್ಡು ಇನ್ನೊಂದು ಊರಿಗೆ ಹೋಗುತ್ತದೆ ಅಂದಾಗ ಅವರಿಗೆ ತಡೆಯಲಾಗಲಿಲ್ಲ. ಕಾವೇರಿ, ಜಿಎಸ್‌ಟಿ ಪಾಲು ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಚುನಾವಣೆಯಲ್ಲಿ ಲೇಬರ್ ಸೋತಿತು, ಯೋಜನೆ ಹತ್ತು ವರ್ಷ ಅಟ್ಟ ಸೇರಿತು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಸಮೀಕ್ಷೆಯವರು 20 ಲಕ್ಷ ದಾಟಿದ ಮನೆಗೆ ತೆರಿಗೆ ಹಾಕಬಹುದಾ ಎಂದು ಕೇಳಿದಾಗ ಉತ್ತರ ಕೊಡುವ ನೂರರಲ್ಲಿ ತೊಂಬತ್ತೊಂಬತ್ತು ಜನ ಅದನ್ನು ಕಟ್ಟಬೇಕಾದವರಲ್ಲ. ಹೂಂ ಅನ್ನಲು ಖರ್ಚಿಲ್ಲ. ಆದರೆ ಆ ಹೂಂ ಗಟ್ಟಿಯಲ್ಲ. ಅದಕ್ಕಾಗಿ ಯಾರೂ ಬೀದಿಗೆ ಇಳಿಯುವುದಿಲ್ಲ, ಅದೊಂದನ್ನೇ ನೋಡಿ ಮತ ಹಾಕುವುದಿಲ್ಲ. ಎದುರಾಳಿಗಳು ಕೆಲವೇ ಸಾವಿರ ಜನ ಇರಬಹುದು. ಅವರು ಪತ್ರಿಕೆಗೆ ಬರೆಯುತ್ತಾರೆ, ಎಂಪಿಗೆ ಫೋನ್ ಮಾಡುತ್ತಾರೆ, ವಕೀಲರನ್ನು ಇಡುತ್ತಾರೆ.

ಅಷ್ಟೇ ಆಗಿದ್ದರೆ ಸುಲಭವಿತ್ತು. ಇನ್ನೊಂದು ಕಡೆ, ಇಂಗ್ಲೆಂಡಿನಲ್ಲಿ ನೂರಕ್ಕೆ ಸುಮಾರು 65 ಕುಟುಂಬಗಳು ಸ್ವಂತ ಮನೆಯಲ್ಲಿವೆ. ಮನೆಗೆ ತೆರಿಗೆ ಎಂಬ ಎರಡು ಪದ ಕಿವಿಗೆ ಬಿದ್ದರೆ ಸಾಕು, ಗೆರೆ ಎಲ್ಲಿದೆ ಅಂತ ನೋಡುವ ಮೊದಲೇ ಅವರಿಗೆ ತಮ್ಮ ಮನೆ ನೆನಪಾಗುತ್ತದೆ. ಪಿತ್ರಾರ್ಜಿತ ಆಸ್ತಿಯ ತೆರಿಗೆಯಲ್ಲೂ ಹೀಗೇ. ಸಾಯುವ ನೂರು ಜನರಲ್ಲಿ ನಾಲ್ಕೈದು ಜನರ ಆಸ್ತಿಗೆ ಮಾತ್ರ ಅದು ಬೀಳುತ್ತದೆ. ಆದರೂ ಬ್ರಿಟನ್ನಿನ ಜನ ಅತ್ಯಂತ ಅನ್ಯಾಯದ ತೆರಿಗೆ ಯಾವುದು ಎಂದರೆ ಸಾಮಾನ್ಯವಾಗಿ ತೋರಿಸುವುದು ಅದನ್ನೇ.

ನಿಮ್ಮ ಅಳಿಯನ ವಾಟ್ಸಾಪ್ ಗುಂಪಿನ ಭಯವೂ ಇದೇ ಜಾತಿಯದು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಇವತ್ತು 20 ಲಕ್ಷ, ನಾಳೆ 10, ನಾಡಿದ್ದು ನಮ್ಮದು. ಇದನ್ನು ಸುಮ್ನೆ ಕಲ್ಪನೆ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಬ್ರಿಟನ್ನಿನ ಖಜಾನೆಗೆ ಒಂದು ಹಳೇ ಅಭ್ಯಾಸ ಇದೆ. ಗೆರೆ ಎಳೆಯುತ್ತದೆ, ಆಮೇಲೆ ಅದನ್ನು ಮರೆತ ಹಾಗೆ ಇರುತ್ತದೆ. ಬೆಲೆ ಏರುತ್ತಾ ಏರುತ್ತಾ ಜನರೇ ಗೆರೆಯ ಆಚೆ ಹೋಗುತ್ತಾರೆ. ಪಿತ್ರಾರ್ಜಿತ ತೆರಿಗೆಯ 3,25,000 ಪೌಂಡಿನ ಮಿತಿ 2009ರಿಂದ ಅಲುಗಿಲ್ಲ. ಸಂಬಳ ಒಂದು ಲಕ್ಷ ಪೌಂಡ್ ದಾಟಿದರೆ ತೆರಿಗೆ ರಿಯಾಯಿತಿ ಕರಗುವ ನಿಯಮ 2010ರದ್ದು, ಆ ಮಿತಿಯೂ ಹಾಗೇ ಇದೆ. ಅಲ್ಲಿರುವ ನಮ್ಮ ಐಟಿಯವರನ್ನು ಕೇಳಿ, ಆ ಒಂದು ಲಕ್ಷದ ಕಥೆಯನ್ನು ಗಂಟೆಗಟ್ಟಲೆ ಹೇಳುತ್ತಾರೆ.

ಇನ್ನು ಅಜ್ಜಿಯ ವಾದ. ನಲವತ್ತು ವರ್ಷದ ಹಿಂದೆ ಅಗ್ಗಕ್ಕೆ ಕೊಂಡ ಮನೆ, ಇವತ್ತು ಅದಕ್ಕೆ 20 ಲಕ್ಷ ಪೌಂಡ್. ಕೈಯಲ್ಲಿ ಪಿಂಚಣಿ ಬಿಟ್ಟರೆ ಏನೂ ಇಲ್ಲ. ಇಂಥವರು ಇದ್ದಾರೆ, ಸುಳ್ಳಲ್ಲ. ಅವರಿಗೆ ಉಪಾಯವೂ ಇದೆ: ತೆರಿಗೆಯನ್ನು ಮನೆಯ ಮೇಲೆ ಬಾಕಿ ಬರೆದುಕೊಂಡು, ಮನೆ ಮಾರಿದಾಗ ಅಥವಾ ಅವರು ತೀರಿಕೊಂಡ ಮೇಲೆ ವಸೂಲಿ ಮಾಡುವುದು. 2014ರ ಯೋಜನೆಯಲ್ಲಿ ವರ್ಷಕ್ಕೆ 42,000 ಪೌಂಡಿಗಿಂತ ಕಡಿಮೆ ಆದಾಯ ಇರುವವರಿಗೆ ಇದು ಇತ್ತು. ಈಗಿನದರಲ್ಲೂ ಕಟ್ಟಲಾಗದವರಿಗೆ ಮುಂದೂಡುವ ಅವಕಾಶದ ಮಾತಿದೆ. ನನ್ನ ದೃಷ್ಟಿಯಲ್ಲಿ ಅಜ್ಜಿಯ ವಾದಕ್ಕೆ ಇದು ಪೂರ್ತಿ ಉತ್ತರ. ಆದರೆ ಜನರ ಮನಸ್ಸಿಗೆ ಇದು ಇಳಿಯುವುದೇ ಇಲ್ಲ. ಮನೆಯ ಮೇಲೆ ಸರ್ಕಾರದ ಬಾಕಿ ಅಂದರೆ ಮಕ್ಕಳ ಪಾಲಿಗೆ ಕೈ ಹಾಕಿದ ಹಾಗೆ ಅನ್ನಿಸುತ್ತದೆ. ತಪ್ಪು ಎನ್ನಲು ಆಗುತ್ತದಾ? ಕೈ ಹಾಕುವುದು ಮಕ್ಕಳ ಪಾಲಿಗೇ ಅಲ್ವಾ?

ಮೊತ್ತ ಎಷ್ಟು ಅನ್ನುವುದಕ್ಕಿಂತ ಅದನ್ನು ಹೇಗೆ ಕೇಳುತ್ತಾರೆ ಅನ್ನುವುದೇ ಜನರಿಗೆ ಜಾಸ್ತಿ ಕಾಣುತ್ತದೆ. ಇದಕ್ಕೆ ಒಳ್ಳೆಯ ಸಾಕ್ಷಿ ಅಲ್ಲಿನ ಸ್ಟ್ಯಾಂಪ್ ಡ್ಯೂಟಿ. ಮ್ಯಾನ್ಶನ್ ಟ್ಯಾಕ್ಸ್ ಜಗಳ ಜೋರಾಗಿದ್ದಾಗಲೇ, 2014ರ ಡಿಸೆಂಬರ್‌ನಲ್ಲಿ, ಆಗಿನ ಹಣಕಾಸು ಸಚಿವ ಜಾರ್ಜ್ ಆಸ್ಬೋರ್ನ್ ದುಬಾರಿ ಮನೆಗಳ ಸ್ಟ್ಯಾಂಪ್ ಡ್ಯೂಟಿ ಏರಿಸಿದರು. 15 ಲಕ್ಷ ಮೀರಿದ ಭಾಗಕ್ಕೆ ನೂರಕ್ಕೆ 12. ಆ ಲೆಕ್ಕದಲ್ಲಿ 20 ಲಕ್ಷದ ಮನೆ ಕೊಂಡರೆ 1,53,750 ಪೌಂಡ್ ತೆರಿಗೆ. ಈಗ ಬರುವ 2,500ರಂತೆ ಅಷ್ಟು ಕಟ್ಟಲು ಅರವತ್ತು ವರ್ಷ ಬೇಕು! ಆದರೂ ಆವತ್ತು ಅದಕ್ಕೆ ಇದರ ಕಾಲು ಭಾಗ ಗದ್ದಲವೂ ಆಗಲಿಲ್ಲ. ಮನೆ ಕೊಳ್ಳುವ ಸಂಭ್ರಮದಲ್ಲಿ, ಸಾಲದ ದೊಡ್ಡ ಮೊತ್ತದ ಜೊತೆ, ಅದು ಒಮ್ಮೆ ಹೋಗಿಬಿಡುತ್ತದೆ. ತನ್ನ ಪಾಡಿಗೆ ಮನೆಯಲ್ಲಿ ಕೂತಿರುವವನ ಬಾಗಿಲಿಗೆ ಯಾರೂ ಬಿಲ್ ತರುವುದಿಲ್ಲ. ಅರ್ಥಶಾಸ್ತ್ರಜ್ಞರಿಗೆ ಇದು ತಲೆಕೆಳಗಾದ ವ್ಯವಸ್ಥೆ. ಮನೆ ಬದಲಾಯಿಸಲು ಹೊರಟವನಿಗೆ ದಂಡ, ದೊಡ್ಡ ಮನೆಯಲ್ಲಿ ಒಬ್ಬರೇ ಉಳಿದವರಿಗೆ ರಿಯಾಯಿತಿ. ನಾನೂ ಆ ಪಂಗಡದವನೇ. ಜನರಿಗೆ ಮಾತ್ರ ಇದೇ ವಾಸಿ.

ಅಮೆರಿಕದಲ್ಲಿ ಮಾರಿಕಾ ಕ್ಯಾಬ್ರಾಲ್ ಮತ್ತು ಕ್ಯಾರೊಲಿನ್ ಹಾಕ್ಸ್‌ಬಿ ಎಂಬ ಅರ್ಥಶಾಸ್ತ್ರಜ್ಞೆಯರು ಇದನ್ನೇ ಪರೀಕ್ಷಿಸಿದ್ದಾರೆ. ಅಲ್ಲಿ ಕೆಲವರ ಮನೆ ತೆರಿಗೆ ಸಾಲದ ಕಂತಿನ ಜೊತೆಗೇ ತಿಂಗಳು ತಿಂಗಳು ಕಡಿತ ಆಗುತ್ತದೆ. ಇನ್ನು ಕೆಲವರು ದೊಡ್ಡ ಬಿಲ್ ನೋಡಿ ತಾವೇ ಕಟ್ಟುತ್ತಾರೆ. ಕಂತಿನಲ್ಲಿ ಕಟ್ಟುವವರು ಜಾಸ್ತಿ ಇರುವ ಕಡೆ ಮನೆ ತೆರಿಗೆಯ ದರವೂ ಜಾಸ್ತಿ ಇದೆ. ಬಿಲ್ ಕಣ್ಣಿಗೆ ಬೀಳದಿದ್ದರೆ ಸಿಟ್ಟೂ ಬರುವುದಿಲ್ಲ.

ಸಮೀಕ್ಷೆ ಬಿಡಿ, ಜನರೇ ನೇರವಾಗಿ ಮತ ಹಾಕಿದ ಕಡೆ ಏನಾಯಿತು? ಲಾಸ್ ಏಂಜಲೀಸ್ ನಗರದಲ್ಲಿ 2022ರ ನವೆಂಬರ್‌ನಲ್ಲಿ 50 ಲಕ್ಷ ಡಾಲರ್ ದಾಟಿದ ಆಸ್ತಿ ಮಾರಿದರೆ ನೂರಕ್ಕೆ 4, ಒಂದು ಕೋಟಿ ದಾಟಿದರೆ 5.5 ತೆರಿಗೆ ಎಂಬ ಪ್ರಸ್ತಾವ ಜನರ ಮುಂದೆ ಬಂತು. ಹಣ ಮನೆಯಿಲ್ಲದವರಿಗೆ. ಸುಲಭವಾಗಿ ಗೆದ್ದಿತು. ಅದನ್ನೂ ಎಲ್ಲರೂ ಮ್ಯಾನ್ಶನ್ ಟ್ಯಾಕ್ಸ್ ಅಂದರು, ಆದರೆ ಅಂಗಡಿ, ಅಪಾರ್ಟ್‌ಮೆಂಟ್ ಕಟ್ಟಡಗಳಿಗೂ ಅದು ಅನ್ವಯಿಸುತ್ತದೆ. 2024ರ ಮಾರ್ಚ್‌ನಲ್ಲಿ ಶಿಕಾಗೋ ಇದೇ ಉದ್ದೇಶಕ್ಕೆ ಇಂಥದ್ದೇ ಪ್ರಸ್ತಾವ ಇಟ್ಟಿತು. ಅಲ್ಲಿ ಗೆರೆ 10 ಲಕ್ಷ ಡಾಲರ್. ಅದಕ್ಕಿಂತ ಕಡಿಮೆ ಬೆಲೆಯ ಮನೆಗಳಿಗೆ ಈಗಿರುವ ತೆರಿಗೆಯನ್ನೂ ಇಳಿಸುತ್ತೇವೆ ಎಂದರು. ಬಹುತೇಕ ಜನರಿಗೆ ಲಾಭವೇ. ಆದರೂ ಜನ ತಿರಸ್ಕರಿಸಿದರು! ಕಟ್ಟಡಗಳ ಮಾಲೀಕರು ಇದು ಕೊನೆಗೆ ಬಾಡಿಗೆಯ ಮೇಲೆ ಬೀಳುತ್ತದೆ ಎಂದು ಜೋರಾಗಿ ಪ್ರಚಾರ ಮಾಡಿದ್ದರು. ಮೇಯರ್ ಕೈಗೆ ದುಡ್ಡು ಕೊಟ್ಟರೆ ಏನು ಮಾಡುತ್ತಾರೋ ಎಂಬ ಅನುಮಾನವೂ ಇತ್ತು. 50 ಲಕ್ಷ ಡಾಲರ್ ಬೇರೆಯವರ ಮನೆ. 10 ಲಕ್ಷ ಡಾಲರ್ ಅಂದರೆ ಪರಿಚಯದವರ ಮನೆ. ನನ್ನ ಪ್ರಕಾರ ಎರಡು ನಗರಗಳ ನಡುವಿನ ವ್ಯತ್ಯಾಸದಲ್ಲಿ ಇದರದ್ದೇ ದೊಡ್ಡ ಪಾಲು.

ಕ್ಯಾಲಿಫೋರ್ನಿಯಾದ ಹಳೆಯ ಕಥೆಯೂ ಒಂದಿದೆ. 1978ರ ಜೂನ್‌ನಲ್ಲಿ ಅಲ್ಲಿನ ಜನ ಹೆಚ್ಚೂಕಡಿಮೆ ಮೂರರಲ್ಲಿ ಎರಡು ಪಾಲು ಮತ ಕೊಟ್ಟು ಮನೆ ತೆರಿಗೆಗೆ ಬೀಗ ಹಾಕಿದರು. ಕೊಂಡ ಬೆಲೆಯ ಮೇಲೆ ನೂರಕ್ಕೆ ಒಂದು, ಆ ಬೆಲೆಯನ್ನು ವರ್ಷಕ್ಕೆ ಎರಡು ಪರ್ಸೆಂಟಿಗಿಂತ ಹೆಚ್ಚು ಏರಿಸುವಂತಿಲ್ಲ. ಸನ್ನಿವೇಲ್, ಫ್ರೀಮಾಂಟ್ ಕಡೆ ಹೊಸದಾಗಿ ಮನೆ ಕೊಂಡ ಕನ್ನಡಿಗರಿಗೆ ಇದರ ಬಿಸಿ ಗೊತ್ತು. ಪಕ್ಕದ ಅದೇ ಅಳತೆಯ ಮನೆಯ ಹಿರಿಯರು ಕಟ್ಟುವುದರ ಹತ್ತು ಪಟ್ಟನ್ನು ಇವರು ಕಟ್ಟುವುದೂ ಉಂಟು. ಇದನ್ನು ಬದಲಿಸಲು 2020ರಲ್ಲಿ ಒಂದು ಪ್ರಯತ್ನ ಆಯಿತು, ಅದೂ ಮನೆಗಳನ್ನು ಮುಟ್ಟದೆ ವಾಣಿಜ್ಯ ಕಟ್ಟಡಗಳಿಗೆ ಮಾತ್ರ. ಅದೂ ಸೋತಿತು.

ಇನ್ನು ನಮ್ಮ ಕಡೆ. ಭಾರತದಲ್ಲಿ 1957ರ ಸಂಪತ್ತು ತೆರಿಗೆ ಇದ್ದಾಗಲೂ ಒಂದು ಮನೆಗೆ ವಿನಾಯಿತಿ ಇತ್ತು. ಅರುಣ್ ಜೇಟ್ಲಿ 2015ರ ಬಜೆಟ್ಟಿನಲ್ಲಿ ಆ ತೆರಿಗೆಯನ್ನೇ ಕೈಬಿಟ್ಟರು. ಆಗ ಅದರಿಂದ ಬರುತ್ತಿದ್ದುದು ಇಡೀ ದೇಶಕ್ಕೆ ವರ್ಷಕ್ಕೆ ಸುಮಾರು ಸಾವಿರ ಕೋಟಿ ರೂಪಾಯಿ. 2024ರ ಜುಲೈನಲ್ಲಿ ಮನೆ ಮಾರಿದ ಲಾಭದ ಲೆಕ್ಕದಲ್ಲಿ ಇಂಡೆಕ್ಸೇಷನ್, ಅಂದರೆ ಕೊಂಡ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸಿ ನೋಡುವ ಸೌಲಭ್ಯ, ತೆಗೆದಾಗ ಎದ್ದ ಗದ್ದಲ ನಿಮಗೆ ನೆನಪಿರಬಹುದು. ಕೆಲವೇ ದಿನಗಳಲ್ಲಿ ಸರ್ಕಾರ ಹಿಂದೆ ಸರಿದು, ಹಳೆಯ ಆಸ್ತಿಗಳಿಗೆ ಎರಡು ಲೆಕ್ಕದಲ್ಲಿ ಒಂದನ್ನು ಆರಿಸಿಕೊಳ್ಳಲು ಬಿಟ್ಟಿತು. ಮನೆ ವಿಷಯದಲ್ಲಿ ನಾವೂ ಬ್ರಿಟನ್ನಿನವರಿಗಿಂತ ಬೇರೆಯಲ್ಲ.

ಬೆಂಗಳೂರಿನ ಆಸ್ತಿ ತೆರಿಗೆ 2008ರಿಂದ ಚದರ ಅಡಿಯ ಲೆಕ್ಕ. ನೋಂದಣಿಗಾಗಿ ಸರ್ಕಾರ ಗೊತ್ತುಮಾಡುವ ಮಾರ್ಗಸೂಚಿ ದರ ನೋಡಿ ನಗರವನ್ನು ಎ ಇಂದ ಎಫ್‌ವರೆಗೆ ವಲಯಗಳಾಗಿ ಮಾಡಿದ್ದಾರೆ. ಒಂದು ವಲಯದೊಳಗೆ ಒಂದೇ ಬಗೆಯ ಕಟ್ಟಡಕ್ಕೆ ಒಂದೇ ದರ. ಎ ವಲಯದ ಮೇಲೆ ಮತ್ತೆ ಮೆಟ್ಟಿಲಿಲ್ಲ. ಎಚ್ ಬ್ಯಾಂಡಿನ ಕಥೆಯೇ. 2024ರ ಆರಂಭದಲ್ಲಿ ಬಿಬಿಎಂಪಿ ಇದನ್ನು ನೇರವಾಗಿ ಮಾರ್ಗಸೂಚಿ ದರಕ್ಕೆ ಜೋಡಿಸುವ ಕರಡು ಹೊರಡಿಸಿತು. ಅದಕ್ಕೆ ಕೆಲವೇ ತಿಂಗಳ ಮೊದಲು, 2023ರ ಅಕ್ಟೋಬರ್‌ನಲ್ಲಿ, ಮಾರ್ಗಸೂಚಿ ದರವೇ ಏರಿತ್ತು. ಜನ ಎರಡನ್ನೂ ಕೂಡಿಸಿ ನೋಡಿದರು, ಆಕ್ಷೇಪ ಬಂತು, ಕರಡು ಮೂಲೆಗೆ ಹೋಯಿತು. ತಮಾಷೆ ಅಂದರೆ, ನಿಮ್ಮ ಹಾಸನದಂಥ ಊರುಗಳಲ್ಲಿ ಕಂದಾಯ ಈಗಾಗಲೇ ಮಾರ್ಗಸೂಚಿ ದರದ ಮೇಲೇ ಇದೆ. ನಿಮ್ಮ ರಸೀದಿ ತೆಗೆದು ನೋಡಿ. ಮೊತ್ತ ಚಿಕ್ಕದು, ಹಾಗಾಗಿ ಯಾರೂ ಅದನ್ನು ಮಾತಾಡುವುದಿಲ್ಲ.

ಬೆಂಗಳೂರಿನಲ್ಲಿ ಶ್ರೀಮಂತರ ಮನೆ ತೆರಿಗೆ ಎಂಬ ಹೆಸರಿನಲ್ಲಿ ಏನೂ ಬರಲಿಕ್ಕಿಲ್ಲ ಎಂಬುದು ನನ್ನ ಅಂದಾಜು. ಬಂದರೆ ಮಾರ್ಗಸೂಚಿ ದರದ ಹೆಸರಿನಲ್ಲೋ, ಚದರ ಅಡಿಯ ಸ್ಲ್ಯಾಬಿನಲ್ಲೋ ಸದ್ದಿಲ್ಲದೆ ಬರುತ್ತದೆ. 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆಯ ಜೊತೆ ಸೇರಿದ ಕಸದ ಶುಲ್ಕ ಬಂದದ್ದು ಹೀಗೇ. ಮನೆ ದೊಡ್ಡದಾದಷ್ಟೂ ಶುಲ್ಕ ಜಾಸ್ತಿ.

ಕೊನೆಗೆ ಮಗಳಿಗೆ ಒಂದು ಕೆಲಸ ಹೇಳಿ. ಹೊಸ ತೆರಿಗೆಯ ಚಿಂತೆ ಬಿಟ್ಟು, ತಮ್ಮ ಮನೆ ಯಾವ ಕೌನ್ಸಿಲ್ ಟ್ಯಾಕ್ಸ್ ಬ್ಯಾಂಡಿನಲ್ಲಿದೆ, ಅಕ್ಕಪಕ್ಕದ ಅಂಥದ್ದೇ ಮನೆಗಳು ಯಾವುದರಲ್ಲಿವೆ ಎಂದು ಸರ್ಕಾರದ ವೆಬ್‌ಸೈಟಿನಲ್ಲಿ ನೋಡಲಿ. ಅದಕ್ಕೆ ದುಡ್ಡು ಕೊಡಬೇಕಿಲ್ಲ. 1990ರ ದಶಕದ ಆರಂಭದಲ್ಲಿ ಗಡಿಬಿಡಿಯಲ್ಲಿ ಹಾಕಿದ ಬ್ಯಾಂಡ್‌ಗಳಲ್ಲಿ ತಪ್ಪುಗಳು ಉಳಿದಿವೆ. ಹೊಸದಾಗಿ ತೆರಿಗೆ ಕಟ್ಟಲು ಶುರು ಮಾಡಿದವರು ಆರು ತಿಂಗಳೊಳಗೆ ವಿಧಿವತ್ತಾಗಿ ಆಕ್ಷೇಪಣೆ ಸಲ್ಲಿಸಬಹುದು. ಆದರೆ ಸಲ್ಲಿಸುವ ಮೊದಲು ಚೆನ್ನಾಗಿ ಹೋಲಿಸಿ ನೋಡಲಿ. ಮರುಪರಿಶೀಲನೆಯಲ್ಲಿ ಬ್ಯಾಂಡ್ ಇಳಿಯಬಹುದು, ಏರಲೂಬಹುದು. ಕೆಲವು ಸಲ ಪಕ್ಕದ ಮನೆಯವರದ್ದೂ ಏರುತ್ತದೆ.